ಅಪರಾಧ ಕಥೆಗಳ ಹಸಿವು

ರಬಕವಿಯಲ್ಲಿ ಇಶಾ ನಮಾಝ್ ಮುಗಿದ ಮೇಲೂ ಮಗ್ಗಗಳ ಸದ್ದು ನಿಲ್ಲುವುದಿಲ್ಲ. ರಾತ್ರಿ ಪಾಳಿಯ ಹುಡುಗರು ವಿದ್ಯುತ್ ಮಗ್ಗಗಳ ನಡುವೆ ಓಡಾಡುತ್ತಾ, ಹರಿದ ಎಳೆಗೆ ಗಂಟು ಹಾಕುತ್ತಾ, ಖಾಲಿಯಾದ ಕಂಡಿಕೆಯನ್ನು ಬದಲಾಯಿಸುತ್ತಾ ಇರುತ್ತಾರೆ. ತುಸು ಬಿಡುವು ಸಿಕ್ಕರೆ ಕೈ ತಾನಾಗಿ ಕಿಸೆಯ ಮೊಬೈಲಿಗೆ ಹೋಗುತ್ತದೆ. ಅಂತಹ ಇಬ್ಬರು ಯುವಕರು ಒಂದು ಸಂಜೆ ಚಹಾದಂಗಡಿಯ ಮುಂದೆ ಮಾತಾಡುತ್ತಿದ್ದರು. ಒಬ್ಬನು ಕೇಳಿದನು: “ಅದ ಮುಗೀತಪಾ. ಇದಕ್ಕಿಂತ ಖಡಕ್ ಇರೂದು ಹೊಸಾದ ಯಾವ್ದರ ಐತೇನು?”

ಅವನು ಕೇಳಿದ್ದು ಅಪರಾಧ ಕಥೆಗಳ ಧಾರಾವಾಹಿಯ ಕುರಿತು. ಕೊಲೆ, ಅಪಹರಣ, ಗುಂಪುಗಳ ಕಾದಾಟ, ಪೊಲೀಸರ ಬೆನ್ನಟ್ಟುವಿಕೆ ಇವೆಲ್ಲ ಇರುವ ಒಂದು ಸರಣಿ ಮುಗಿದಿತ್ತು. ಈಗ ಇನ್ನೊಂದು ಬೇಕಾಗಿತ್ತು.

ಕೇಳಿದವನು ಕೆಟ್ಟ ಹುಡುಗನಲ್ಲ. ಶುಕ್ರವಾರ ಮಸೀದಿಯ ಮುಂದಿನ ಸಾಲಿನಲ್ಲಿ ಕಾಣಿಸುವವನು, ದುಡಿದ ಕೂಲಿಯನ್ನು ತಾಯಿಯ ಕೈಗೆ ಕೊಡುವವನು. ಆದುದರಿಂದಲೇ ಅವನ ಪ್ರಶ್ನೆಯಲ್ಲಿದ್ದ ಒಂದು ಪದ ನಮ್ಮನ್ನು ಯೋಚನೆಗೆ ಹಚ್ಚಬೇಕು. ಆ ಪದ ‘ಇದಕ್ಕಿಂತ’. ನಿನ್ನೆ ನೋಡಿದ ರಕ್ತಪಾತ ಇಂದು ಸಾಲುವುದಿಲ್ಲ. ಇಂದಿನದು ನಾಳೆ ಸಪ್ಪೆಯೆನಿಸುತ್ತದೆ. ಹೊಟ್ಟೆಯ ಹಸಿವು ಉಂಡ ಮೇಲೆ ಇಂಗುತ್ತದೆ. ಈ ಹಸಿವು ಉಂಡಷ್ಟೂ ಬೆಳೆಯುತ್ತದೆ. ಈ ಹಸಿವಿನ ವಿಷಯದಲ್ಲಿ ಒಬ್ಬ ಸತ್ಯವಿಶ್ವಾಸಿಯ ನಿಲುವು ಹೇಗಿರಬೇಕು?

ಹಳೆಯ ಅಭಿರುಚಿ, ಹೊಸ ಸಾಧನ

ಅಪರಾಧ ಕಥೆಗಳ ಆಸಕ್ತಿ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಲೆಂದೇ ಅಕ್ಷರ ಕೂಡಿಸಿ ಓದಲು ಕಲಿತವರು ಕನ್ನಡ ನಾಡಿನಲ್ಲಿ ಒಂದು ಕಾಲಕ್ಕೆ ಬಹಳ ಮಂದಿಯಿದ್ದರು. ದೂರದರ್ಶನದಲ್ಲಿ 1985ರಲ್ಲಿ ‘ಕರಮ್‌ಚಂದ್’, 1993ರಲ್ಲಿ ‘ಬ್ಯೋಮಕೇಶ್ ಬಕ್ಷಿ’ ಬಂದವು. ಖಾಸಗಿ ವಾಹಿನಿಯಲ್ಲಿ 1998ರಲ್ಲಿ ಆರಂಭವಾದ ‘ಸಿಐಡಿ’ 2018ರ ವರೆಗೆ, ಇಪ್ಪತ್ತು ವರ್ಷ ನಡೆಯಿತು. 2024ರ ಕೊನೆಯಲ್ಲಿ ಮತ್ತೆ ಶುರುವಾಯಿತು. ಕನ್ನಡದಲ್ಲಿ ರವಿ ಬೆಳಗೆರೆಯವರ ‘ಕ್ರೈಂ ಡೈರಿ’ ನೋಡಲು ಮನೆಮಂದಿಯೆಲ್ಲ ಟಿವಿಯ ಮುಂದೆ ಕೂಡುತ್ತಿದ್ದುದು ಅನೇಕರ ನೆನಪಿನಲ್ಲಿದೆ.

ಆ ಕಾಲದ ಪತ್ತೇದಾರಿ ಕಥೆ ಹೆಚ್ಚಾಗಿ ಒಂದು ಒಗಟು. ಮಾಡಿದವರು ಯಾರು ಎಂಬುದೇ ಅದರ ಜೀವಾಳ. ಒಗಟು ಬಿಡಿಸಿದೊಡನೆ ಪುಸ್ತಕ ಮುಚ್ಚುತ್ತಿತ್ತು, ಕಾರ್ಯಕ್ರಮ ಮುಗಿಯುತ್ತಿತ್ತು. ಮುಂದಿನದಕ್ಕೆ ಒಂದು ವಾರ ಕಾಯಬೇಕಾಗಿತ್ತು. ನಡುಮನೆಯಲ್ಲಿ ಅಜ್ಜಿಯೂ ಸೊಸೆಯೂ ಮಕ್ಕಳೂ ಇರುತ್ತಿದ್ದುದರಿಂದ ಅಲ್ಲಿ ತೋರಿಸುವುದಕ್ಕೂ ಒಂದು ಮಿತಿಯಿತ್ತು.

2016ರ ಸೆಪ್ಟೆಂಬರ್ ಬಳಿಕ ಮೊಬೈಲ್ ಇಂಟರ್‌ನೆಟ್ ಅತಿ ಅಗ್ಗವಾಯಿತು. 2018ರಲ್ಲಿ ‘ಸೇಕ್ರೆಡ್ ಗೇಮ್ಸ್’ ಮತ್ತು ‘ಮಿರ್ಝಾಪುರ್’ ಬಂದವು. ಆಮೇಲೆ ಇಂತಹ ಸರಣಿಗಳ ದಾರಿ ತೆರೆದುಕೊಂಡಿತು. ಇವುಗಳಲ್ಲಿ ‘ಮಾಡಿದವರು ಯಾರು’ ಎಂಬ ಪ್ರಶ್ನೆ ಹಿಂದೆ ಸರಿದು, ‘ಹೇಗೆ ಮಾಡಿದರು’ ಎಂಬುದು ಮುಂದೆ ಬಂದಿದೆ. ಕತ್ತಿಯ ಏಟು, ಚಿಮ್ಮುವ ರಕ್ತ, ಬಾಯಿಗೆ ಬಂದ ಬೈಗುಳ, ನಾಚಿಕೆಗೆಟ್ಟ ದೃಶ್ಯ ಎಲ್ಲವೂ ಹತ್ತಿರದಿಂದ ಕಾಣುತ್ತವೆ. ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ ಮುಂದಿನದು ತಾನಾಗಿಯೇ ಶುರುವಾಗುತ್ತದೆ. ನೋಡುವವನು ಹೊದಿಕೆಯೊಳಗೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ಇರುತ್ತಾನೆ. ತಡೆಯುವವರೂ ಇಲ್ಲ, ಜೊತೆಗೆ ಕೂತು ಮರುಗುವವರೂ ಇಲ್ಲ.

ಕುರ್‌ಆನ್ ಅಪರಾಧವನ್ನು ಹೇಳುವ ಬಗೆ

ಅಪರಾಧದ ಕಥೆಯನ್ನು ಹೇಳುವುದೇ ತಪ್ಪೆಂದು ಭಾವಿಸಬಾರದು. ಪವಿತ್ರ ಕುರ್‌ಆನಿನಲ್ಲಿಯೇ ಅಪರಾಧದ ಕಥೆಗಳಿವೆ. ಅವುಗಳನ್ನು ಹೇಳಿರುವ ಬಗೆಯಲ್ಲಿ ನಮಗೆ ಪಾಠವಿದೆ.

ಭೂಮಿಯ ಮೇಲಿನ ಮೊದಲ ಕೊಲೆಯ ವೃತ್ತಾಂತ ಅಲ್‌ಮಾಇದಃ ಅಧ್ಯಾಯದಲ್ಲಿದೆ (5:27-31). ಆದಮ್(ಅ)ರ ಇಬ್ಬರು ಮಕ್ಕಳು. ಒಬ್ಬನ ಬಲಿ ಸ್ವೀಕೃತವಾಯಿತು, ಇನ್ನೊಬ್ಬನದು ಆಗಲಿಲ್ಲ. ಅಸೂಯೆಪಟ್ಟವನು ಸಹೋದರನನ್ನು ಕೊಂದನು. ಯಾವ ಆಯುಧದಿಂದ ಕೊಂದನು, ಎಲ್ಲಿ ಹೊಡೆದನು, ಎಷ್ಟು ರಕ್ತ ಹರಿಯಿತು ಎಂಬುದನ್ನು ಕುರ್‌ಆನ್ ಹೇಳುವುದಿಲ್ಲ. ಕೊಂದನೆಂಬ ಮಾತು ಅರಬಿಯಲ್ಲಿ ಒಂದೇ ಪದದಲ್ಲಿ ಮುಗಿಯುತ್ತದೆ. ಅದರ ಹಿಂದಿನ ಮಾತು ಮಾತ್ರ ಬಹಳ ಗಂಭೀರವಾದುದು: ಅವನ ಮನಸ್ಸು ಆ ಕೊಲೆಯನ್ನು ಅವನಿಗೆ ಸುಲಭವಾಗಿ ತೋರಿಸಿತು. ಕೈ ಎತ್ತುವ ಮೊದಲು ಮನಸ್ಸು ಪಳಗಿರುತ್ತದೆ ಎಂದರ್ಥ. ಕೊಲೆಯ ಅನಂತರ ಒಂದು ಕಾಗೆ ಬಂದು ನೆಲವನ್ನು ಕೆದರಿ ತೋರಿಸುತ್ತದೆ; ಸಹೋದರನ ಶವವನ್ನು ಮುಚ್ಚುವಷ್ಟೂ ತಿಳಿಯದವನಾದೆನಲ್ಲಾ ಎಂದು ಅವನು ಪರಿತಪಿಸುತ್ತಾನೆ. ಇದರ ಬೆನ್ನಿಗೇ, ಅನ್ಯಾಯವಾಗಿ ಒಂದು ಜೀವವನ್ನು ತೆಗೆದವನು ಇಡೀ ಮಾನವ ಕುಲವನ್ನೇ ಕೊಂದಂತೆ, ಒಂದು ಜೀವವನ್ನು ಉಳಿಸಿದವನು ಎಲ್ಲರನ್ನೂ ಉಳಿಸಿದಂತೆ ಎಂಬ ಮಹಾ ನಿಯಮ ಬರುತ್ತದೆ (5:32). ಒಂದು ಕೊಲೆಯ ಕಥೆ ಕೇಳಿದ ಮೇಲೆ ಮನುಷ್ಯಜೀವದ ಬೆಲೆ ನಮ್ಮ ಕಣ್ಣಿನಲ್ಲಿ ಏರುತ್ತದೆ.

ಮೂರು ಸಲ ಬರುವ ಅಂಗಿ

ಯೂಸುಫ್ ಅಧ್ಯಾಯವನ್ನು ಕುರ್‌ಆನ್ ಅತ್ಯುತ್ತಮ ವೃತ್ತಾಂತವೆಂದು ಕರೆದಿದೆ (12:3). ನೇಕಾರರ ಊರಿನವರು ಈ ಅಧ್ಯಾಯವನ್ನು ಓದುವಾಗ ಒಂದು ವಿಷಯವನ್ನು ಗಮನಿಸಬೇಕು. ಅದರಲ್ಲಿ ಒಂದು ಅಂಗಿ ಮೂರು ಸಲ ಬರುತ್ತದೆ.

ಮೊದಲನೆಯ ಸಲ ಅದು ಸುಳ್ಳಿನ ಅಂಗಿ. ಸಹೋದರರು ಬಾಲಕ ಯೂಸುಫ್(ಅ)ರನ್ನು ಬಾವಿಗೆ ತಳ್ಳಿ, ರಾತ್ರಿಯ ಹೊತ್ತು ಅಳುತ್ತಾ ತಂದೆಯ ಬಳಿಗೆ ಬರುತ್ತಾರೆ. ತೋಳ ತಿಂದಿತೆಂದು ಹೇಳಿ, ಹುಸಿ ರಕ್ತ ಬಳಿದ ಅಂಗಿಯನ್ನು ಮುಂದಿಡುತ್ತಾರೆ (12:16-18). ತಂದೆ ಯಾಕೂಬ್(ಅ)ರು ನಂಬಲಿಲ್ಲ. ಅಂಗಿ ಎಲ್ಲಿಯೂ ಹರಿದಿರಲಿಲ್ಲ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮಗ್ಗದ ಮುಂದೆ ಕೂತವನಿಗೆ ಇದು ಒಡನೆ ಹೊಳೆಯುತ್ತದೆ: ಹುಡುಗನನ್ನು ಹರಿದು ತಿಂದ ತೋಳ, ಅಂಗಿಯ ಒಂದು ಎಳೆಯನ್ನೂ ಹರಿಯದೆ ಬಿಟ್ಟಿತೇ? ಆದರೂ ಆ ತಂದೆ ಆರ್ಭಟಿಸಲಿಲ್ಲ. ನಿಮ್ಮ ಮನಸ್ಸು ಒಂದು ಕೃತ್ಯವನ್ನು ನಿಮಗೆ ಚೆಂದವಾಗಿ ತೋರಿಸಿದೆ ಎಂದಷ್ಟೇ ಹೇಳಿ ಸಹನೆಯನ್ನು ಆರಿಸಿಕೊಂಡರು. ಅಪರಾಧದ ಬೇರು ಮನಸ್ಸಿನಲ್ಲಿದೆ ಎಂಬ ಮಾತು ಇಲ್ಲಿಯೂ ಬಂದಿರುವುದನ್ನು ನೋಡಿರಿ.

ಎರಡನೆಯ ಸಲ ಅದು ನ್ಯಾಯದ ಅಂಗಿ. ಈಜಿಪ್ತಿನ ಆ ಮನೆಯೊಡತಿ ಯೂಸುಫ್(ಅ)ರ ಮೇಲೆ ಆರೋಪ ಹೊರಿಸುತ್ತಾಳೆ. ಮನೆಯವರಲ್ಲೇ ಒಬ್ಬ ಸಾಕ್ಷಿ ಹೇಳುತ್ತಾನೆ: ಅಂಗಿ ಮುಂದಿನಿಂದ ಹರಿದಿದ್ದರೆ ಅವಳ ಮಾತು ಸತ್ಯ, ಹಿಂದಿನಿಂದ ಹರಿದಿದ್ದರೆ ಅವನ ಮಾತು ಸತ್ಯ. ಅಂಗಿ ಹಿಂದಿನಿಂದ ಹರಿದಿತ್ತು (12:25-28). ಯಾವ ಪತ್ತೇದಾರಿ ಕಥೆಗೂ ಕಡಿಮೆಯಿಲ್ಲದ ಸಾಕ್ಷ್ಯ ಪರಿಶೀಲನೆಯಿದು. ಬಾಗಿಲು ಮುಚ್ಚಿದ ಆ ಪ್ರಸಂಗವನ್ನು ಹೇಳುವಾಗಲೂ ಕುರ್‌ಆನ್ ಓದುಗನ ಕಣ್ಣಿಗೆ ಅಶ್ಲೀಲವಾದ ಒಂದು ಚಿತ್ರವನ್ನೂ ಕೊಡುವುದಿಲ್ಲ. ತಾಯಿ ಮಗ ಕೂಡಿ ಕೂತು ಇದನ್ನು ಓದಬಹುದು.

ಮೂರನೆಯ ಸಲ ಅದು ಕರುಣೆಯ ಅಂಗಿ. ವರ್ಷಗಳು ಕಳೆದಿವೆ. ಅತ್ತು ಅತ್ತು ತಂದೆಯ ಕಣ್ಣುಗಳು ಬೆಳ್ಳಗಾಗಿವೆ (12:84). ಅಧಿಕಾರದ ಸ್ಥಾನದಲ್ಲಿರುವ ಯೂಸುಫ್(ಅ)ರ ಮುಂದೆ ಆ ಸಹೋದರರೇ ಧಾನ್ಯಕ್ಕಾಗಿ ಕೈಚಾಚಿ ನಿಂತಿದ್ದಾರೆ. ಇಂದಿನ ಸರಣಿಗಳಾದರೆ ಇಲ್ಲಿಂದಲೇ ಸೇಡಿನ ಕಥೆ ಶುರುವಾಗುತ್ತಿತ್ತು. ಯೂಸುಫ್(ಅ)ರು ಇಂದು ನಿಮ್ಮ ಮೇಲೆ ಯಾವ ದೂಷಣೆಯೂ ಇಲ್ಲವೆಂದು ಹೇಳಿ, ಅಲ್ಲಾಹನ ಕ್ಷಮೆಗಾಗಿ ಪ್ರಾರ್ಥಿಸಿದರು. ತಮ್ಮ ಅಂಗಿಯನ್ನು ತಂದೆಯ ಮುಖದ ಮೇಲೆ ಹಾಕಲು ಕಳುಹಿಸಿದರು. ತಂದೆಗೆ ದೃಷ್ಟಿ ಮರಳಿತು (12:92-96).

ಅಸೂಯೆ, ಅಪಹರಣ, ಸುಳ್ಳು ಸಾಕ್ಷ್ಯ, ಮಾನವ ಮಾರಾಟ, ಸುಳ್ಳು ಆರೋಪ, ಸೆರೆವಾಸ ಎಲ್ಲವೂ ಈ ಒಂದೇ ಅಧ್ಯಾಯದಲ್ಲಿವೆ. ಆದರೂ 111 ಸೂಕ್ತಗಳನ್ನು ಓದಿ ಎದ್ದವನು ಇದಕ್ಕಿಂತ ಕ್ರೂರವಾದುದು ಬೇಕೆಂದು ಕೇಳುವುದಿಲ್ಲ. ಅವನಿಗೆ ತನ್ನ ಅಣ್ಣತಮ್ಮಂದಿರ ನೆನಪಾಗುತ್ತದೆ, ತನ್ನ ತಂದೆಯ ಕಣ್ಣುಗಳ ನೆನಪಾಗುತ್ತದೆ.

ಕಥೆಯನ್ನು ಅಳೆಯುವ ಗಜ

ಇದರಿಂದ ನಮಗೊಂದು ಅಳತೆಗೋಲು ಸಿಗುತ್ತದೆ. ನಾಟಕ, ಚಲನಚಿತ್ರಗಳ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಅವುಗಳ ನಡುವೆ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಮನೆಗಳಲ್ಲಿ ಇಂತಹ ಸರಣಿಗಳನ್ನು ನೋಡಲಾಗುತ್ತಿದೆ ಎಂಬುದು ವಾಸ್ತವ. ಹೊಸ ಸರಣಿಯನ್ನು ಹುಡುಕುವವನು ಅದನ್ನು ತೆರೆಯುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಲಿ.

ಇದರಲ್ಲಿ ಸತ್ತವನಿಗೆ ಹೆಸರಿದೆಯೇ, ಅವನಿಗಾಗಿ ಅಳುವವರು ಇದ್ದಾರೆಯೇ? ಇಲ್ಲವೆ ಲೆಕ್ಕ ತುಂಬಲು ಬೀಳುವ ಹೆಣ ಮಾತ್ರವೇ? ಕೊಂದವನು ಪರಿತಪಿಸುತ್ತಾನೆಯೇ, ಅಥವಾ ನಿಧಾನವಾಗಿ ನಡೆದು ಬರುವ ಅವನ ಭಂಗಿಗೆ ಸಂಗೀತ ಬಾರಿಸಲಾಗುತ್ತದೆಯೇ? ನ್ಯಾಯದ ಹುಡುಕಾಟ ನಡೆಯುತ್ತದೆಯೇ, ಅಥವಾ ಸೇಡೇ ನ್ಯಾಯವೆನಿಸಿಕೊಳ್ಳುತ್ತದೆಯೇ? ಕಣ್ಣು ತಗ್ಗಿಸಬೇಕಾದ ದೃಶ್ಯಗಳನ್ನು ಕಥೆಯ ನೆಪದಲ್ಲಿ ತುರುಕಲಾಗಿದೆಯೇ?

ಎಲ್ಲ ಸರಣಿಗಳೂ ಒಂದೇ ತೆರನಾಗಿಲ್ಲ ಎಂಬುದನ್ನೂ ಒಪ್ಪಬೇಕು. 2012ರ ದಿಲ್ಲಿಯ ಘೋರ ಪ್ರಕರಣದ ತನಿಖೆಯನ್ನು ಆಧರಿಸಿ 2019ರಲ್ಲಿ ಬಂದ ‘ಡೆಲ್ಲಿ ಕ್ರೈಂ’, ಅಪರಾಧಿಗಳನ್ನು ಹುಡುಕಿದ ಪೊಲೀಸರ ಕಡೆಯಿಂದ ಕಥೆಯನ್ನು ಹೇಳಿತು. 2020ರಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂದಿತು. ಅದೂ ಮಕ್ಕಳು ನೋಡುವಂತಹುದಲ್ಲ. ಬಂದೂಕು ಹಿಡಿದವನೇ ಗಾದಿಯೇರುವ, ಅವನ ಮಾತೇ ಹುಡುಗರ ಬಾಯಲ್ಲಿ ನುಡಿಗಟ್ಟಾಗುವ ಸರಣಿಗಳ ಜಾತಿಯೇ ಬೇರೆ. 2014ರ ಕನ್ನಡದ ‘ದೃಶ್ಯ’ ಚಲನಚಿತ್ರವನ್ನು ಕುಟುಂಬಗಳೆಲ್ಲ ಕೂಡಿ ನೋಡಿದವು. ಸಾವೊಂದನ್ನು ಮುಚ್ಚಿಡುವ ತಂದೆಯ ಪರವಾಗಿ ನಾವೆಲ್ಲ ಉಸಿರು ಬಿಗಿಹಿಡಿದೆವು. ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ ಅದೇ ಕಥೆಯಲ್ಲಿದ್ದಳು. ಅವಳಿಗಾಗಿ ನಾವೆಷ್ಟು ಜನ ಮರುಗಿದೆವು? ಇಂತಹ ಪ್ರಶ್ನೆ ಎದ್ದರೆ ನೋಡಿದ್ದರಲ್ಲಿಯೂ ಒಂದು ಪಾಠ ಸಿಗುತ್ತದೆ. ಪ್ರಶ್ನೆಯೇ ಏಳದಿದ್ದರೆ ಮನಸ್ಸು ಪಳಗತೊಡಗಿದೆ ಎಂದು ತಿಳಿಯಬೇಕು.

ಮರಗಟ್ಟುವ ಹೃದಯ

ಪರಿಚಯದ ಒಂದು ಮನೆಯಲ್ಲಿ ನಡೆದ ಮಾತಿದು. ಒಂದು ರಾತ್ರಿ ಊಟಕ್ಕೆ ಕೂತಾಗ ಹತ್ತಿರದ ಊರಿನಲ್ಲಿ ಒಬ್ಬ ಯುವಕನ ಕೊಲೆಯಾಗಿದೆಯೆಂಬ ಸುದ್ದಿ ಬಂದಿತು. ಹದಿನೇಳು ವಯಸ್ಸಿನ ಮಗ ತುತ್ತನ್ನು ಕೈಯಲ್ಲಿ ಹಿಡಿದೇ ಕೇಳಿದನು: “ಹೆಂಗ ಹೊಡದ್ರಂತ? ಎಷ್ಟ ಮಂದಿ ಇದ್ರಂತ?” ಅವನ ಕಣ್ಣಿನಲ್ಲಿ ದುಃಖವಿರಲಿಲ್ಲ, ಮುಂದಿನ ಕಂತಿಗೆ ಕಾಯುವವನ ಕುತೂಹಲವಿತ್ತು. ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಯಪ್ಪಾ, ಅವನೂ ಯಾರೋ ಹೆತ್ತವ್ವನ ಮಗಾ. ಮದಲ ಇನ್ನಾ ಲಿಲ್ಲಾಹಿ ಅನ್ನು. ಆಮ್ಯಾಲ ಕೇಳು” ಎಂದಳು.

ಮಗ ತಲೆ ತಗ್ಗಿಸಿದನು. ಆ ತಾಯಿಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲವಂತೆ. ಮಗ ಯಾರನ್ನಾದರೂ ಕೊಂದಾನೆಂಬ ಭಯ ಅವಳಿಗಿರಲಿಲ್ಲ. ಧಾರಾವಾಹಿ ನೋಡಿದವರೆಲ್ಲ ಕೊಲೆಗಾರರಾಗುತ್ತಾರೆ ಎನ್ನುವುದು ಅತಿಶಯೋಕ್ತಿ. ಹಾಗೆಂದು ಮಕ್ಕಳನ್ನು ಹೆದರಿಸಿದರೆ ಅವರು ನಮ್ಮ ಬೇರೆ ಮಾತನ್ನೂ ನಂಬರು. ಅವಳ ಭಯ ಬೇರೆಯದಾಗಿತ್ತು: ಸಾವಿನ ಸುದ್ದಿ ಕೇಳಿ ಅಳಬೇಕಾದ ಜಾಗದಲ್ಲಿ ಮಗನ ಹೃದಯ ಸುಮ್ಮನಿತ್ತು.

ದಾಸನು ಒಂದು ಪಾಪ ಮಾಡಿದಾಗ ಅವನ ಹೃದಯದ ಮೇಲೆ ಕಪ್ಪು ಚುಕ್ಕೆಯೊಂದು ಬೀಳುತ್ತದೆ, ಪಶ್ಚಾತ್ತಾಪಪಟ್ಟರೆ ಅದು ಅಳಿಯುತ್ತದೆ, ಮತ್ತೆ ಮತ್ತೆ ಮಾಡಿದರೆ ಹೃದಯವನ್ನೇ ಆವರಿಸಿಕೊಳ್ಳುತ್ತದೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ ಹದೀಸ್ ತಿರ್ಮಿದಿಯಲ್ಲಿದೆ. ಇಮಾಮ್ ಗಝ್ಝಾಲಿಯವರು ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಹೃದಯವನ್ನು ಒಂದು ಕೊಳಕ್ಕೂ, ಪಂಚೇಂದ್ರಿಯಗಳನ್ನು ಅದಕ್ಕೆ ನೀರು ತರುವ ಕಾಲುವೆಗಳಿಗೂ ಹೋಲಿಸಿದ್ದಾರೆ. ಕಬ್ಬಿನ ಹೊಲಕ್ಕೆ ಕಾಲುವೆ ನೀರು ಹಾಯಿಸುವ ನಮ್ಮ ಸೀಮೆಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯಲ್ಲಿ ಏನು ಬರುತ್ತದೋ ಅದೇ ಕೊಳದಲ್ಲಿ ನಿಲ್ಲುತ್ತದೆ. ಕಿವಿ, ಕಣ್ಣು, ಹೃದಯ ಇವುಗಳಲ್ಲಿ ಪ್ರತಿಯೊಂದರ ಕುರಿತೂ ವಿಚಾರಣೆಯಿದೆ ಎಂದು ಕುರ್‌ಆನ್ ತಿಳಿಸಿದೆ (17:36).

ಇನ್ನೊಂದು ಹಾನಿಯೂ ಇದೆ. ಅಮೆರಿಕದ ಸಂಶೋಧಕ ಜಾರ್ಜ್ ಗರ್ಬ್ನರ್‌ರು 1960ರ ದಶಕದ ಕೊನೆಯಿಂದ ಟಿವಿಯ ಪ್ರಭಾವವನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಟಿವಿಯನ್ನು ಬಹಳವಾಗಿ ನೋಡುವವರು ಜಗತ್ತನ್ನು ಅದು ಇರುವುದಕ್ಕಿಂತ ಹೆಚ್ಚು ಅಪಾಯಕಾರಿಯೆಂದು ಭಾವಿಸುತ್ತಾರೆ, ಜನರನ್ನು ನಂಬಲು ಹಿಂಜರಿಯುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಗುಮಾನಿಯಿಂದ ದೂರವಿರಿ, ಪರರ ಗುಟ್ಟು ಕೆದಕಬೇಡಿ ಎಂಬ ಕುರ್‌ಆನಿನ ಆದೇಶವನ್ನು (49:12) ಇದರ ಪಕ್ಕದಲ್ಲಿಟ್ಟು ನೋಡಿರಿ. ಎಷ್ಟೋ ಕಥೆಗಳಲ್ಲಿ ಖಳನಾಯಕನ ತಲೆಯ ಮೇಲೆ ಟೋಪಿ, ಕಣ್ಣಿಗೆ ಸುರ್ಮಾ ಇರುವುದನ್ನು ಕಂಡು ನಾವು ನೊಂದುಕೊಳ್ಳುತ್ತೇವೆ. ಆ ನೋವು ನ್ಯಾಯವಾದುದೇ. ಹಾಗೆಯೇ ನಾವೂ ತೆರೆಯ ಮೇಲಿನ ಚಿತ್ರವನ್ನು ನಂಬಿ ಪಕ್ಕದ ಮನೆಯವನನ್ನು, ಬೇರೆ ಊರಿಂದ ದುಡಿಯಲು ಬಂದವನನ್ನು ಗುಮಾನಿಯಿಂದ ನೋಡಬಾರದು. ಹಾಸಿನ ಎಳೆ ಒಬ್ಬರದು, ಹೊಕ್ಕಿನ ಎಳೆ ಇನ್ನೊಬ್ಬರದು ಎಂಬಂತೆ ಎಲ್ಲರೂ ಕೂಡಿ ದುಡಿಯುವ ಊರು ಗುಮಾನಿಯಿಂದ ಬದುಕಲಾರದು.

ರಾತ್ರಿಯ ಲೆಕ್ಕ

ಸಮಯದ ಲೆಕ್ಕವನ್ನೂ ಮಾಡೋಣ. ಐವತ್ತು ನಿಮಿಷಗಳ ಎಂಟು ಕಂತುಗಳಿದ್ದರೆ ಒಂದು ಸರಣಿಗೆ 6 ಗಂಟೆ 40 ನಿಮಿಷ. ಎರಡು ರಾತ್ರಿಗಳಲ್ಲಿ ಮುಗಿಸುವವರಿದ್ದಾರೆ, ಒಂದೇ ರಾತ್ರಿಯಲ್ಲಿ ಮುಗಿಸುವವರೂ ಇದ್ದಾರೆ. ಆ ರಾತ್ರಿಯ ಬೆಲೆಯನ್ನು ಫಜ್ರ್ ನಮಾಝ್ ತೆರುತ್ತದೆ. ಪ್ರವಾದಿ(ಸ)ರು ಇಶಾಕ್ಕೆ ಮೊದಲು ಮಲಗುವುದನ್ನೂ ಇಶಾದ ಬಳಿಕ ಹರಟುವುದನ್ನೂ ಇಷ್ಟಪಡುತ್ತಿರಲಿಲ್ಲವೆಂದು ಬುಖಾರಿಯಲ್ಲಿದೆ. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆಂಬ ಪ್ರವಾದಿ ವಚನವೂ ಅಲ್ಲಿಯೇ ಇದೆ. ರಾತ್ರಿ ಪಾಳಿಯಲ್ಲಿ ದುಡಿಯುವವನ ಎಚ್ಚರ ಬೇರೆ; ಅದು ಹಲಾಲ್ ಸಂಪಾದನೆಯ ಎಚ್ಚರ. ಆದರೆ ಓಡುತ್ತಿರುವ ಮಗ್ಗದ ಮುಂದೆ ಕಣ್ಣು ಮೊಬೈಲಿನಲ್ಲಿದ್ದರೆ, ಹರಿದ ಎಳೆ ಕಾಣದೆ ಬಟ್ಟೆ ಕೆಡುತ್ತದೆ, ಕೈಗೆ ಅಪಾಯವೂ ಇದೆ. ಕೂಲಿ ಕೊಡುವವನ ಹಕ್ಕಿನ ಪ್ರಶ್ನೆಯೂ ಅದರಲ್ಲಿ ಬರುತ್ತದೆ.

ಮನೆಯಲ್ಲಿ ಮಾಡಬೇಕಾದುದು

ಪ್ರತಿಯೊಬ್ಬನೂ ಕುರಿಗಾಹಿ, ತನ್ನ ಹಿಂಡಿನ ಕುರಿತು ಪ್ರತಿಯೊಬ್ಬನನ್ನೂ ಪ್ರಶ್ನಿಸಲಾಗುವುದು ಎಂಬ ಹದೀಸ್ ಎಲ್ಲರಿಗೂ ಗೊತ್ತು. ಕುರಿಗಾಹಿ ಹಿಂಡಿನ ಜೊತೆಯಲ್ಲಿರುತ್ತಾನೆ; ದೂರದಿಂದ ಬೈಯುತ್ತಾ ಕೂರುವುದಿಲ್ಲ.

ಮೊದಲನೆಯದಾಗಿ, ತಂದೆ ತನ್ನ ಮೊಬೈಲನ್ನು ನೋಡಿಕೊಳ್ಳಲಿ. ತಾನು ಒಂದು ಕೋಣೆಯಲ್ಲಿ ನೋಡುತ್ತಾ ಮಗನಿಗೆ ಇನ್ನೊಂದು ಕೋಣೆಯಲ್ಲಿ ನೋಡಬೇಡವೆಂದರೆ ಆ ಮಾತಿಗೆ ಬಲವಿಲ್ಲ.

ಎರಡನೆಯದಾಗಿ, ವಯೋಮಿತಿಯ ಗುರುತನ್ನು ಓದಲು ಕಲಿಯಿರಿ. ಕೇಂದ್ರ ಸರಕಾರ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಇಂತಹ ಸರಣಿಗಳಿಗೆ ಯು, ಯು/ಎ 7+, ಯು/ಎ 13+, ಯು/ಎ 16+ ಮತ್ತು ಎ ಎಂಬ ಐದು ವರ್ಗಗಳನ್ನು ಹೇಳಲಾಗಿದೆ. ‘ಎ’ ಎಂದರೆ ವಯಸ್ಕರಿಗೆ ಮಾತ್ರ. 13+ ಮತ್ತು ಅದಕ್ಕೆ ಮೇಲ್ಪಟ್ಟ ವರ್ಗಗಳಿಗೆ ಹೆತ್ತವರು ಬೀಗ ಹಾಕುವ ಸೌಕರ್ಯವಿರಬೇಕೆಂದೂ ಅದರಲ್ಲಿದೆ. ಮೊಬೈಲಿನ ಸೆಟ್ಟಿಂಗಿನಲ್ಲಿ ಒಂದು ಗುಪ್ತ ಸಂಖ್ಯೆ ಹಾಕಲು ಐದು ನಿಮಿಷ ಸಾಕು. ನಿಮಗೆ ಬಾರದಿದ್ದರೆ ದೊಡ್ಡ ಮಗಳನ್ನು ಕೇಳಿರಿ; ಇದರಿಂದ ಅವಳಿಗೂ ಹೊಣೆಯರಿವು ಬರುತ್ತದೆ.

ಮೂರನೆಯದಾಗಿ, ತಾನಾಗಿ ಮುಂದಿನ ಕಂತು ಶುರುವಾಗುವ ಏರ್ಪಾಡನ್ನು ಅನೇಕ ಕಡೆ ನಿಲ್ಲಿಸಿಡಬಹುದು. ಅದನ್ನು ನಿಲ್ಲಿಸಿರಿ. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಯೋಚಿಸಲು ಒಂದು ಗಳಿಗೆ ಸಿಕ್ಕರೆ ಎಷ್ಟೋ ಜನ ತಾವಾಗಿಯೇ ಮೊಬೈಲನ್ನು ಕೆಳಗಿಡುತ್ತಾರೆ. ಮಲಗುವಾಗ ಮನೆಯ ಮೊಬೈಲುಗಳೆಲ್ಲ ನಡುಮನೆಯ ಒಂದೇ ಕಪಾಟಿನಲ್ಲಿರಲಿ.

ನಾಲ್ಕನೆಯದಾಗಿ, ಬರಿದಾದ ಜಾಗವನ್ನು ತುಂಬಿರಿ. ಕಥೆ ಕೇಳುವ ಆಸೆ ಅಲ್ಲಾಹನೇ ಮನುಷ್ಯನಲ್ಲಿ ಇಟ್ಟಿರುವುದು. ವಾರಕ್ಕೊಂದು ರಾತ್ರಿ ಮನೆಯವರೆಲ್ಲ ಕೂಡಿ ಯೂಸುಫ್ ಅಧ್ಯಾಯವನ್ನು ಕನ್ನಡ ಅನುವಾದದೊಂದಿಗೆ ಓದಿರಿ. ಸಹೋದರರು ಅಂಗಿಯನ್ನು ತಂದಿಡುವಲ್ಲಿ ನಿಲ್ಲಿಸಿ, ತಂದೆಗೆ ಸುಳ್ಳು ಹೇಗೆ ತಿಳಿಯಿತೆಂದು ಮಕ್ಕಳನ್ನು ಕೇಳಿರಿ. ಉತ್ತರ ಹುಡುಕಲಿ. ಮುಂದಿನ ವಾರ ಮುಂದುವರಿಸಿರಿ. ಅಜ್ಜ ಅಜ್ಜಿಯರಿದ್ದರೆ ಅವರ ಕಾಲದ ಕಥೆಗಳನ್ನು ಹೇಳಿಸಿರಿ.

ಮೇಲೆ ಹೇಳಿದ ತಾಯಿಯೂ ಹೀಗೆಯೇ ಮಾಡಿದಳು. ಬೈಯಲಿಲ್ಲ, ಮೊಬೈಲನ್ನು ಒಡೆಯಲಿಲ್ಲ. ಮರುದಿನ ಮಗನಿಗೆ ಒಂದೇ ಮಾತು ಹೇಳಿದಳು: “ನೀ ನೋಡೂ ಮುಂದ ನನ್ನನ್ನೂ ಬಾಜೂಕ ಕುಂದರಿಸ್ಕೋ. ನಾನೂ ನೋಡ್ತೀನಿ.” ಮಗ ಆ ರಾತ್ರಿ ಸರಣಿಯನ್ನು ತೆರೆಯಲಿಲ್ಲ. ತಾಯಿಯ ಪಕ್ಕದಲ್ಲಿ ಕೂತು ನೋಡಲಾಗದ್ದನ್ನು ಒಬ್ಬನೇ ನೋಡುವಾಗಲೂ ಒಬ್ಬನಿದ್ದಾನೆ, ನೋಡುತ್ತಿದ್ದಾನೆ ಎಂಬುದು ಅವನಿಗೆ ಹೊಳೆದಿರಬೇಕು. ತಖ್ವಾ ಶುರುವಾಗುವುದು ಅಲ್ಲಿಂದಲೇ.

ಇನ್ನು ಮುಂದೆ ಯಾರಾದರೂ ‘ಇದಕ್ಕಿಂತ ಖಡಕ್ ಐತೇನು’ ಎಂದು ಕೇಳಿದಾಗ, ಯಾವುದಾದರೊಂದು ಹೆಸರನ್ನು ಹೇಳುವ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳೋಣ: ಹಿಂದಿನದು ನಮ್ಮ ಹೃದಯದಲ್ಲಿ ಏನನ್ನು ಬಿಟ್ಟುಹೋಗಿದೆ? ಯಾರ ಸಾವಿನ ಸುದ್ದಿ ಕೇಳಿದರೂ ನಮ್ಮ ಕಣ್ಣು ಇನ್ನೂ ಒದ್ದೆಯಾಗುತ್ತದೆಯೇ?

ಅಲ್ಲಾಹನು ನಮ್ಮ ಕಣ್ಣು ಕಿವಿಗಳನ್ನು ಕೆಡುಕಿನಿಂದ ಕಾಪಾಡಲಿ. ನಮ್ಮ ಹೃದಯಗಳನ್ನು ಮೃದುವಾಗಿಡಲಿ. ನಮ್ಮ ಮಕ್ಕಳನ್ನು ಯಾಕೂಬ್(ಅ)ರ ಸಹನೆ ಮತ್ತು ಯೂಸುಫ್(ಅ)ರ ಕ್ಷಮೆಯ ವಾರಸುದಾರರನ್ನಾಗಿ ಮಾಡಲಿ. ಆಮೀನ್.